ಇಳಿಜಾರಿನಲ್ಲಿ ಟೇಪು ಹಿಡಿದು: ಮಡಿಕೇರಿಯಲ್ಲಿ ಗಣಿತ–ವಿಜ್ಞಾನ ಶಿಕ್ಷಕರ ಜೊತೆ ನಾಲ್ಕು ದಿನ

ಮೊದಲ ದಿನ

ನವೆಂಬರ್ ಕೊನೆಯ ವಾರವೆಂದರೆ ಪ್ರೌಢಶಾಲೆಯ ಗಣಿತ ಶಿಕ್ಷಕರು ಊರು ಬಿಡಬಾರದ ಕಾಲ. ಹತ್ತನೆಯ ತರಗತಿಯ ಪಾಠಗಳು ಡಿಸೆಂಬರ್ ಒಳಗೆ ಮುಗಿಯಬೇಕು, ಬೆಳಗ್ಗೆ–ಸಂಜೆ ವಿಶೇಷ ತರಗತಿಗಳು ಆಗಲೇ ಆರಂಭವಾಗಿರುತ್ತವೆ, ಉಳಿದ ಬಿಡುವಿನಲ್ಲಿ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕಾಯುತ್ತಿರುತ್ತದೆ. ಅಂತಹ ಹೊತ್ತಿನಲ್ಲಿ ಮಡಿಕೇರಿಯಲ್ಲಿ ಮೂರು ದಿನಗಳ ಗಣಿತ–ವಿಜ್ಞಾನ ಶಿಕ್ಷಕರ ಸಮಾವೇಶಕ್ಕೆ ಓ.ಓ.ಡಿ. (ಶಾಲೆಯ ಹೊರಗಿನ ಕರ್ತವ್ಯ) ಮೇಲೆ ಹೊರಡಬೇಕೆಂಬ ಆದೇಶ ಬಂದಾಗ ನನಗೆ ಸಂತೋಷಕ್ಕಿಂತ ಕಸಿವಿಸಿಯೇ ಹೆಚ್ಚಾಯಿತು. ಹದಿನಾರು ವರ್ಷಗಳ ಸೇವೆಯಲ್ಲಿ ನಾನು ಕಂಡ ತರಬೇತಿಗಳ ಪೈಕಿ ಹೆಚ್ಚಿನವುಗಳಲ್ಲಿ ನೆನಪಿಗೆ ಉಳಿದಿರುವುದು ಹಾಜರಾತಿ ಪುಸ್ತಕದ ಸಹಿ ಮತ್ತು ಮಧ್ಯಾಹ್ನದ ಊಟ ಮಾತ್ರ. ಮುಖ್ಯ ಶಿಕ್ಷಕರು ಬಿಡುಗಡೆ ಪತ್ರಕ್ಕೆ ಮೊಹರು ಒತ್ತುತ್ತಾ, "ಹೋಗಿ ಬನ್ನಿ ಮೇಡಂ, ಕೊಡಗು ನೋಡಿದ ಹಾಗೂ ಆಗುತ್ತದೆ" ಎಂದರು.

ಒಂಬತ್ತನೆಯ ತರಗತಿಯ ಮಕ್ಕಳು ಮಾತ್ರ ನನಗೊಂದು ಕೆಲಸ ಹಚ್ಚಿಯೇ ಕಳುಹಿಸಿದರು. ನಮ್ಮ ಹಿರಿಯೂರು ಸಮುದ್ರ ಮಟ್ಟದಿಂದ ಆರುನೂರು ಮೀಟರಿಗಿಂತ ತುಸು ಮೇಲಿದೆ. ಇಲ್ಲಿ ಪ್ರಯೋಗಾಲಯದಲ್ಲಿ ನೀರು ಕುದಿಸಿದಾಗ ತಾಪಮಾಪಕ 98 ಡಿಗ್ರಿಯಲ್ಲೇ ನಿಂತುಬಿಟ್ಟಿತ್ತು. ಪುಸ್ತಕದಲ್ಲಿ 100 ಎಂದಿದೆಯಲ್ಲ ಎಂದು ಅರ್ಧ ತರಗತಿ ಉಪಕರಣವನ್ನೇ ದೂರಿತ್ತು. ಎತ್ತರ ಹೆಚ್ಚಾದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ ಎಂದು ನಾನು ಹೇಳಿದ್ದು ಅವರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. "ಮಡಿಕೇರಿ ನಮಗಿಂತ ಎತ್ತರವಲ್ಲವಾ ಮೇಡಂ, ಅಲ್ಲೂ ಕುದಿಸಿ ನೋಡಿಕೊಂಡು ಬನ್ನಿ" ಎಂದು ಆ ತಾಪಮಾಪಕವನ್ನೇ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಸೇರಿಸಿದರು.

ಹುಳಿಯಾರು, ಅರಸೀಕೆರೆ ದಾಟಿ ಹಾಸನ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಲ್ಲಿಂದ ಅರಕಲಗೂಡು, ಕೊಣನೂರು ಮಾರ್ಗದ ಬಸ್ಸು ಹಿಡಿದರೆ ಶಿರಂಗಾಲದ ಹತ್ತಿರ ಕೊಡಗಿನೊಳಗೆ ಕಾಲಿಟ್ಟಂತೆ. ಕೊಡಗು ಎಂದೊಡನೆ ಮಂಜು, ಕಾಫಿ ಎಂದು ಎಣಿಸಿಕೊಂಡಿದ್ದ ನನಗೆ ಮೊದಲು ಎದುರಾದದ್ದು ಬಯಲು, ಭತ್ತದ ಗದ್ದೆ ಮತ್ತು ಜೋಳದ ಹೊಲಗಳು. ಹಾರಂಗಿ ನದಿ ಕಾವೇರಿಯನ್ನು ಸೇರುವ ಕೂಡಿಗೆಯಲ್ಲಿ ಕೊಡಗಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ನಾವೆಲ್ಲ ಡಯಟ್ ಎಂದು ಕರೆಯುವ ಸಂಸ್ಥೆ ಪ್ರತಿ ಜಿಲ್ಲೆಯಲ್ಲೂ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿರುತ್ತದೆ ಎಂದುಕೊಂಡಿದ್ದೆ, ಇಲ್ಲಿ ಅದು ನದಿ ಕೂಡುವ ಊರಿನಲ್ಲಿರುವುದು ಯಾಕೋ ಹಿತವೆನಿಸಿತು.

ಕುಶಾಲನಗರ ಬಿಟ್ಟು ಆನೆಕಾಡು ಹೊಕ್ಕ ಮೇಲೆ ಬಸ್ಸಿನ ಸದ್ದೇ ಬದಲಾಯಿತು. ಸುಂಟಿಕೊಪ್ಪದ ಆಚೆಗೆ ಕಿವಿ ಗವ್ವೆಂದಿತು. ಒತ್ತಡದ ಪಾಠವನ್ನು ವರ್ಷವರ್ಷವೂ ಮಾಡುವ ನಾನು ಅದನ್ನು ಮೊದಲು ನೆಗಡಿ ಎಂದೇ ಭಾವಿಸಿದೆ. ಮಡಿಕೇರಿ ತಲುಪಿದಾಗ ಕತ್ತಲು, ಚಳಿ. ವಸತಿಗೃಹದ ಕೋಣೆಯಲ್ಲಿ ಜೊತೆಯಾದವರು ಪೊನ್ನಂಪೇಟೆ ಕಡೆಯ ಸಿ.ಬಿ.ಝಡ್. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. ಮನೆಯಿಂದ ತಂದಿದ್ದ, ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ತಟ್ಟೆಗೆ ಹಾಕಿಕೊಡುತ್ತಾ ನನ್ನ ಚೀಲದಿಂದ ಹೊರಬಂದ ತಾಪಮಾಪಕವನ್ನು ಕಂಡು, "ಜ್ವರ ನೋಡಲಿಕ್ಕೆ ಇಷ್ಟುದ್ದದ್ದು ಬೇಕಾ ಮೇಡಂ?" ಎಂದು ನಕ್ಕರು.

ಎರಡನೆಯ ದಿನ

ಬೆಳಗ್ಗೆ ಆರೂವರೆಗೆ ನಾವಿಬ್ಬರೂ ಅಡುಗೆಮನೆಗೆ ಹೋಗಿ ಬಾಣಸಿಗರ ಅನುಮತಿ ಪಡೆದು ಒಂದು ಪಾತ್ರೆಯಲ್ಲಿ ನೀರಿಟ್ಟೆವು. ತಾಪಮಾಪಕದ ಬುರುಡೆಯನ್ನು ಪಾತ್ರೆಯ ತಳಕ್ಕೆ ತಾಗದಂತೆ ಹಿಡಿಯಬೇಕು, ಇಲ್ಲದಿದ್ದರೆ ಅಳೆಯುವುದು ನೀರಿನ ಬಿಸಿಯನ್ನಲ್ಲ, ಲೋಹದ ಬಿಸಿಯನ್ನು. ನೀರು ತಳಮಳಿಸಿ ಕುದಿಯುತ್ತಿದ್ದಾಗ ಪಾದರಸ 96ರ ಗೆರೆಯ ಬಳಿ ನಿಂತು ಅಲ್ಲಾಡಲಿಲ್ಲ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್; ಲೆಕ್ಕ ಸರಿಯಾಗಿಯೇ ಬಂದಿತ್ತು. ಬಾಣಸಿಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಕೆಳಗಿನ ಊರುಗಳಿಗಿಂತ ಇಲ್ಲಿ ಬೇಳೆ ಬೇಯುವುದು ನಿಧಾನವೆಂದೂ ಕುಕ್ಕರ್ ಇಲ್ಲದೆ ನೂರು ಜನರ ಸಾರು ಆಗದೆಂದೂ ಅವರು ಹೇಳಿದರು. ಕಾರಣ ಗೊತ್ತಿದ್ದವಳು ನಾನು, ಪರಿಣಾಮವನ್ನು ದಿನವೂ ಉಣ್ಣುತ್ತಿದ್ದವರು ಅವರು.

ಉದ್ಘಾಟನೆ ಹತ್ತಕ್ಕೆಂದಿದ್ದದ್ದು ಹನ್ನೊಂದೂವರೆಗೆ ಆಯಿತು. ಅದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಮೊದಲ ಗೋಷ್ಠಿಯ ಸಂಪನ್ಮೂಲ ವ್ಯಕ್ತಿ ಚಟುವಟಿಕೆ ಆಧಾರಿತ ಕಲಿಕೆಯ ಮಹತ್ವವನ್ನು ಕುರಿತು ಒಂದೂವರೆ ಗಂಟೆ, ಯಾವ ಚಟುವಟಿಕೆಯೂ ಇಲ್ಲದೆ, ಪರದೆಯ ಮೇಲಿನ ಸಾಲುಗಳನ್ನು ಓದಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಿಕೊಳ್ಳಬೇಕು ಎಂಬ ಸಾಲು ಬಂದಾಗ ನನ್ನ ಪಕ್ಕದವರು ಗಡಿಯಾರ ನೋಡಿ, "ಇನ್ನು ನಲವತ್ತೆಂಟೂವರೆ" ಎಂದು ಪಿಸುಗುಟ್ಟಿದರು. ಗಂಟೆಗಳನ್ನು ಎಣಿಸುವುದು ಸುಲಭ. ಆ ಗಂಟೆಯಲ್ಲಿ ಶಿಕ್ಷಕರ ಕೈಗೆ ಏನು ಕೆಲಸ ಕೊಟ್ಟಿರಿ ಎಂಬುದನ್ನು ಯಾವ ನಮೂನೆಯಲ್ಲೂ ಕೇಳುವುದಿಲ್ಲ.

ಮಧ್ಯಾಹ್ನದ ಗೋಷ್ಠಿ ಬೇರೆಯೇ ಆಗಿತ್ತು. ನಿವೃತ್ತ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಕಥೆಯನ್ನು ಹೇಳಿದರು. ಮಧ್ಯಪ್ರದೇಶದ ಆ ಜಿಲ್ಲೆಯ 16 ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ಈ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಅದನ್ನು ಮುಂದುವರಿಸಲೆಂದೇ 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿತು, 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ ತಾವೇ ನಿರ್ಣಯಕ್ಕೆ ಬರುತ್ತಿದ್ದರು, ಪರೀಕ್ಷೆಯಲ್ಲಿ ಪುಸ್ತಕ ತೆರೆದಿಡಲು ಅವಕಾಶವಿತ್ತು ಎಂಬುದು ನನಗೆ ಅಲ್ಲಿಇಲ್ಲಿ ಓದಿ ತಿಳಿದಿತ್ತು. ನಾನು ಅರಿಯದಿದ್ದ ಸಂಗತಿಯೆಂದರೆ ಅಲ್ಲಿನ ಶಿಕ್ಷಕರ ತರಬೇತಿಯ ಕ್ರಮ. ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೆಲ್ಲ ಮೊದಲು ಶಿಕ್ಷಕರೇ ಮಾಡಬೇಕಿತ್ತು, ಮತ್ತು ತಿಂಗಳಿಗೊಮ್ಮೆ ಸೇರಿ ತಮ್ಮ ತರಗತಿಯಲ್ಲಿ ಏನು ಕೈಕೊಟ್ಟಿತು ಎಂಬುದನ್ನು ಪರಸ್ಪರ ಹೇಳಿಕೊಳ್ಳಬೇಕಿತ್ತು. ಅಧ್ಯಾಪಕರು ಇಷ್ಟು ಹೇಳಿ, ನಮಗೂ ಒಂದೊಂದು ಚೀಟಿ ಕೊಟ್ಟು, ಈ ವರ್ಷ ತರಗತಿಯಲ್ಲಿ ನಮಗೆ ಉತ್ತರ ಹೇಳಲಾಗದ ಒಂದು ಪ್ರಶ್ನೆಯನ್ನು ಹೆಸರು ಹಾಕದೆ ಬರೆಯಲು ತಿಳಿಸಿದರು.

ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಚೀಟಿಗಳು ತುಂಬಿದವು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಏಕೆ, ಸೊನ್ನೆಯಿಂದ ಭಾಗಿಸಬಾರದೆಂದು ಹೇಳಿದವರು ಯಾರು, ಮಂಜುಗಡ್ಡೆ ತೇಲುವುದಾದರೆ ತುಪ್ಪ ಗಟ್ಟಿಯಾದಾಗ ಏಕೆ ಮುಳುಗುತ್ತದೆ, ಹೀಗೆ. ಕೊನೆಯ ಪ್ರಶ್ನೆಯ ಮೇಲೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಹೆಚ್ಚಿನ ವಸ್ತುಗಳು ಹೆಪ್ಪುಗಟ್ಟುವಾಗ ಕುಗ್ಗಿ ಸಾಂದ್ರವಾಗುತ್ತವೆ, ಅಣುಗಳು ನಡುವೆ ಜಾಗ ಬಿಟ್ಟು ಜೋಡಣೆಯಾಗುವುದರಿಂದ ಹಿಗ್ಗುವ ನೀರೇ ಇಲ್ಲಿ ಅಪವಾದ. ಅಂದರೆ ವಿವರಣೆ ಬೇಕಾಗಿರುವುದು ತುಪ್ಪಕ್ಕಲ್ಲ, ಮಂಜುಗಡ್ಡೆಗೆ. ಇದನ್ನು ಗುರುತಿಸಿದವರು ವೇದಿಕೆಯ ಮೇಲಿದ್ದವರಲ್ಲ, ಸೋಮವಾರಪೇಟೆ ಕಡೆಯ ಯುವ ಶಿಕ್ಷಕರೊಬ್ಬರು.

ಸಂಜೆ ರಾಜಾಸೀಟಿಗೆ ಹೋದೆವು. ಸೂರ್ಯಾಸ್ತ ಕಾಣಲಿಲ್ಲ, ಮಂಜು ಎಲ್ಲವನ್ನೂ ನುಂಗಿತ್ತು. ರಾತ್ರಿ ಊಟದ ಹೊತ್ತಿಗೆ ಪೊನ್ನಂಪೇಟೆಯವರು ಒಂದು ಪುಟ್ಟ ಸೀಸೆಯಲ್ಲಿ ಕಾಚಂಪುಳಿಯನ್ನು ತಂದರು. ಪಂದಿಕರಿಗೆ, ಅಂದರೆ ಹಂದಿಮಾಂಸದ ಅಡುಗೆಗೆ, ಕೊಡವರು ಹಾಕುವ, ಹಣ್ಣಿನ ರಸವನ್ನು ಕಾಯಿಸಿ ಬತ್ತಿಸಿದ ಈ ಹುಳಿ ಡಾಂಬರಿನಷ್ಟೇ ಕಪ್ಪು. ಅದರಲ್ಲಿ ಲಿಟ್ಮಸ್ ಅದ್ದಿದರೆ ಕಾಗದವೇ ಕಪ್ಪಾಗಿ ಬಣ್ಣ ತಿಳಿಯುವುದಿಲ್ಲ. ತಮ್ಮ ಶಾಲೆಯ ಮಕ್ಕಳೇ ಅದನ್ನು ನೀರಿನಲ್ಲಿ ತೆಳುಮಾಡಿ, ದಾಸವಾಳದ ರಸ ಬೆರೆಸಿ ಕೆಂಪಾಗುವುದನ್ನು ಕಂಡುಕೊಂಡರಂತೆ. ಪ್ರಯೋಗಾಲಯದ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಗಿಂತ ಅಜ್ಜಿಯ ಅಟ್ಟದ ಸೀಸೆ ಹೆಚ್ಚು ಪ್ರಶ್ನೆಗಳನ್ನು ಹುಟ್ಟಿಸುತ್ತದೆ ಎಂದು ಅವರು ಹೇಳಿದ್ದು ನಿಜವೆನಿಸಿತು.

ಮೂರನೆಯ ದಿನ

ಈ ದಿನವನ್ನು ನಮಗೆ ಮಡಿಕೇರಿಯಿಂದ ಸ್ವಲ್ಪ ದೂರದ ಕಾಫಿ ತೋಟದಲ್ಲಿ ನಿಗದಿಪಡಿಸಿದ್ದರು. ಅರೇಬಿಕಾ ಹಣ್ಣಿನ ಕುಯ್ಲು ನಡೆಯುತ್ತಿತ್ತು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಹತ್ತಿರವಾದ್ದರಿಂದ ಕೆಳಗಿನ ಗದ್ದೆಯ ಭತ್ತ ಬಾಗಿ ನಿಂತಿತ್ತು. ಐದೈದು ಜನರ ಗುಂಪುಗಳಿಗೆ ಒಂದು ಕೋನಮಾಪಕ, ಒಂದು ಸ್ಟ್ರಾ, ದಾರ, ಕಲ್ಲು ಮತ್ತು ಟೇಪು ಕೊಟ್ಟು, ಎದುರಿಗಿದ್ದ ಸಿಲ್ವರ್ ಓಕ್ ಮರದ ಎತ್ತರವನ್ನು ಕಂಡುಹಿಡಿಯಲು ಹೇಳಿದರು. ಕೋನಮಾಪಕದ ಅಂಚಿಗೆ ಸ್ಟ್ರಾ ಅಂಟಿಸಿ, ನಡುಬಿಂದುವಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟರೆ ಕೋನ ಅಳೆಯುವ ಸಾಧನ ಸಿದ್ಧ. ತ್ರಿಕೋನಮಿತಿಯ ಅನ್ವಯಗಳನ್ನು ಎಷ್ಟೋ ತಂಡಗಳಿಗೆ ಕಲಿಸಿದ ನನಗೆ ಇದು ಮಕ್ಕಳಾಟವೆಂದೇ ತೋರಿತು.

ಮರ ಇಳಿಜಾರಿನಲ್ಲಿತ್ತು, ನಾವು ಅದರ ಮೇಲ್ಭಾಗದಲ್ಲಿ ನಿಂತಿದ್ದೆವು. ನನ್ನ ಕಣ್ಣಿನ ಮಟ್ಟದಿಂದ ಮರದ ಬುಡಕ್ಕೆ ನೇರವಾಗಿ ಟೇಪು ಎಳೆದಾಗ 20 ಮೀಟರ್ ಬಂತು. ತುದಿಗೆ ಉನ್ನತ ಕೋನ 35 ಡಿಗ್ರಿ. ಟ್ಯಾನ್ 35 ಎಂದರೆ ಸುಮಾರು 0.7, ಇಪ್ಪತ್ತರಿಂದ ಗುಣಿಸಿದರೆ 14 ಮೀಟರ್. ವೀಕ್ಷಕಿಯ ಕಣ್ಣಿನ ಎತ್ತರವನ್ನು ಕೂಡಿಸಲು ಮಕ್ಕಳು ಯಾವಾಗಲೂ ಮರೆಯುತ್ತಾರೆ ಎಂದು ಗುಂಪಿನವರಿಗೆ ಎಚ್ಚರಿಕೆ ಹೇಳಿ, ಒಂದೂವರೆ ಮೀಟರ್ ಸೇರಿಸಿ, 15.5 ಎಂದು ದಪ್ಪಕ್ಷರದಲ್ಲಿ ಬರೆದೆ.

ಹತ್ತಿರದಲ್ಲೇ ಹಣ್ಣು ಕುಯ್ಯುತ್ತಿದ್ದ ಕೆಲಸಗಾರರೊಬ್ಬರು ನಮ್ಮ ಕಸರತ್ತನ್ನು ನೋಡುತ್ತಾ ನಿಂತಿದ್ದರು. ಎಷ್ಟು ಬಂತೆಂದು ಕೇಳಿದರು. ಐವತ್ತೊಂದು ಅಡಿ ಎಂದೆ. "ಅಷ್ಟೇ ಇಲ್ಲ ಟೀಚರೇ, ಅರವತ್ತು ಅಡಿ ಉಂಟು. ಮೆಣಸು ಕುಯ್ಯುವ ನನ್ನ ಏಣಿ ಮೂವತ್ತು ಅಡಿ. ಅಂಥದ್ದು ಎರಡು ಬೇಕು ಆ ಮರಕ್ಕೆ" ಎಂದರು.

ಅವರ ಅಂದಾಜು ತಪ್ಪಿರಬಹುದೆಂದು ನಾನು ಎರಡು ನಿಮಿಷ ನಂಬಿದ್ದೆ ಎಂಬುದನ್ನು ಮರೆಮಾಚುವುದಿಲ್ಲ. ಆಮೇಲೆ ಅಧ್ಯಾಪಕರು ಬಂದು ನಮ್ಮ ಚಿತ್ರವನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಲಂಬಕೋನ ಎಲ್ಲಿದೆ?" ನಾನು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದೆ. "ಅಲ್ಲಲ್ಲ, ನೆಲದ ಮೇಲೆ ತೋರಿಸಿ" ಎಂದರು. ನೆಲದ ಮೇಲೆ ಅದು ಇರಲೇ ಇಲ್ಲ. ಪಠ್ಯಪುಸ್ತಕದ ಗೋಪುರಗಳೂ ದೀಪಸ್ತಂಭಗಳೂ ಸಮತಲದ ಮೇಲೆ ನೆಟ್ಟಗೆ ನಿಂತಿರುತ್ತವೆ. ಬಯಲುಸೀಮೆಯ ನನಗೆ ನೆಲವೆಂದರೆ ಹಾಗೆಯೇ. ಆದರೆ ನನ್ನ ಇಪ್ಪತ್ತು ಮೀಟರಿನ ಟೇಪು ಓರೆಯಾಗಿ ಕೆಳಗಿಳಿದಿತ್ತು. ಅದು ಪಾದವಲ್ಲ, ವಿಕರ್ಣ. ಬುಡಕ್ಕೆ ಅವನತ ಕೋನ ಅಳೆದಾಗ 15 ಡಿಗ್ರಿ ಬಂತು. ಕೊಸೈನ್‌ನಿಂದ ಗುಣಿಸಿದರೆ ನಿಜವಾದ ಸಮತಲ ದೂರ 19.3 ಮೀಟರ್, ಅದರಿಂದ ಕಣ್ಣಿನ ಮಟ್ಟಕ್ಕಿಂತ ಮೇಲಿನ ಮರದ ಭಾಗ 13.5 ಮೀಟರ್. ಸೈನ್‌ನಿಂದ ಗುಣಿಸಿದರೆ ನನ್ನ ಕಣ್ಣು ಮರದ ಬುಡಕ್ಕಿಂತ 5.2 ಮೀಟರ್ ಮೇಲಿತ್ತು. ನಾನು ಕೂಡಿಸಿದ್ದು ಒಂದೂವರೆ. ಒಟ್ಟು 18.7 ಮೀಟರ್, ಅಂದರೆ ಅರವತ್ತೊಂದು ಅಡಿ. ಏಣಿಯವರು ಅಷ್ಟರಲ್ಲಿ ಮುಂದಿನ ಗಿಡಕ್ಕೆ ಹೋಗಿದ್ದರು. ಐದು ಗುಂಪುಗಳಲ್ಲಿ ನಾಲ್ಕು ಇದೇ ತಪ್ಪು ಮಾಡಿದ್ದವು. ಮಾಡದಿದ್ದ ಒಂದೇ ಗುಂಪಿನಲ್ಲಿ ಮೂವರು ಕೊಡಗಿನವರಿದ್ದರು.

ಊಟದ ನಂತರ ತೋಟದ ಯಜಮಾನರು ತಮ್ಮ ಅಂಗಳದ ಮಳೆಮಾಪಕವನ್ನೂ ಅದರ ಲೆಕ್ಕದ ಡೈರಿಗಳನ್ನೂ ತೋರಿಸಿದರು. ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್ಸ್‌ಗಳಲ್ಲಿ ಬರೆಯುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ದಶಮಾಂಶ ಪದ್ಧತಿ ಇಲ್ಲಿ ಮನೆಮಾತಾಗಿದೆ. ನಮ್ಮ ಶಾಲೆಯಲ್ಲಿ ಅದನ್ನು ಕಲಿಸಲು ಒಂದು ತಿಂಗಳು ಬೇಕು. ಇದನ್ನೇ ಆಧರಿಸಿ ನಮಗೊಂದು ಲೆಕ್ಕ ಕೊಟ್ಟರು: ಬಾಟಲಿಯ ಬಾಯಿಗೆ ಬಾಟಲಿಯ ಎರಡರಷ್ಟು ವ್ಯಾಸದ ಆಲಿಕೆ ಇಟ್ಟರೆ ಒಂದು ಇಂಚು ಮಳೆಗೆ ನೀರು ಎಷ್ಟು ಏರುತ್ತದೆ? "ಎರಡು ಇಂಚು" ಎಂದು ಹಲವರು ಕೂಗಿದರು, ಎಲ್ಲರೂ ಪಿ.ಸಿ.ಎಂ. (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರೇ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ನಾಲ್ಕು ಇಂಚು ಏರುತ್ತದೆ. ಅಂತಹ ಬಾಟಲಿಯಲ್ಲಿ ಒಂದು ಸೆಂಟ್ ಮಳೆ ಸರಿಸುಮಾರು ಒಂದು ಮಿಲಿಮೀಟರ್ ಎತ್ತರಕ್ಕೆ ಬರುತ್ತದೆ, ಹಾಗಾಗಿ ಸಾಧಾರಣ ಅಳತೆಪಟ್ಟಿಯನ್ನೇ ಅಂಟಿಸಿ ಓದಿಕೊಳ್ಳಬಹುದು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು ಎಂಬ ಲೆಕ್ಕವನ್ನು ಯಜಮಾನರೇ ಬಾಯಲ್ಲಿ ಹೇಳಿದರು. ಬೇಸಿಗೆಯಲ್ಲಿ ಕಾಫಿಯನ್ನು ಅರಳಿಸುವ ಹೂಮಳೆ ಕೈಕೊಟ್ಟಾಗ ಕೆರೆಯಿಂದ ತುಂತುರು ನೀರು ಹಾಯಿಸಿ ರೊಬಸ್ಟಾ ಗಿಡಗಳನ್ನು ಅರಳಿಸುವವರಿಗೆ ಆ ಸಂಖ್ಯೆ ಡೀಸೆಲ್ ಖರ್ಚಿನ ರೂಪದಲ್ಲಿ ನೆನಪಿರುತ್ತದೆ.

ಒಂದು ಡೈರಿಯಲ್ಲಿ 2018ರ ಆಗಸ್ಟ್ ತಿಂಗಳ ಪುಟವಿತ್ತು. ಕೊಡಗಿನ ಬೆಟ್ಟಗಳು ಕುಸಿದು ಊರುಗಳೇ ಕೊಚ್ಚಿಹೋದ ತಿಂಗಳು ಅದು. ಸಾಲಾಗಿ ಬರೆದ ಅಂಕಿಗಳ ನಡುವೆ ಒಂದು ದಿನದ ಎದುರು ಸಂಖ್ಯೆ ಇರಲಿಲ್ಲ, "ಪಾತ್ರೆ ಉಕ್ಕಿ ಹರಿದಿದೆ" ಎಂದಷ್ಟೇ ಇತ್ತು. ಕೊಠಡಿಯಲ್ಲಿ ಕೊಂಚ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬರು ಮೆಲ್ಲಗೆ ಕೇಳಿದರು, ಆ ತಿಂಗಳ ಸರಾಸರಿಯನ್ನು ಹೇಗೆ ತೆಗೆಯುವುದು? ಸೊನ್ನೆ ಹಾಕುವಂತಿಲ್ಲ, ಅಂದು ಮಳೆ ಬಾರದೆ ಇದ್ದದ್ದಲ್ಲ. ಆ ದಿನವನ್ನೇ ಬಿಟ್ಟುಬಿಟ್ಟರೆ ತಿಂಗಳ ಅತಿ ದೊಡ್ಡ ಮಳೆಯೇ ಲೆಕ್ಕದಿಂದ ಹೊರಗುಳಿಯುತ್ತದೆ. ಪಾತ್ರೆಯ ಪೂರ್ಣ ಅಳತೆಯನ್ನು ಹಾಕಿದರೆ "ಇದಕ್ಕಿಂತ ಕಡಿಮೆಯಿಲ್ಲ" ಎನ್ನಬಹುದೇ ಹೊರತು ಇಷ್ಟೇ ಎನ್ನಲಾಗದು. ಮಧ್ಯಾಂಕವಾದರೆ ಬದಲಾಗುವುದಿಲ್ಲ, ಏಕೆಂದರೆ ಆ ಸಂಖ್ಯೆ ಎಷ್ಟೇ ಆಗಿದ್ದರೂ ಏರಿಕೆಯ ಕ್ರಮದಲ್ಲಿ ಕೊನೆಗೇ ನಿಲ್ಲುತ್ತದೆ ಎಂದು ಮತ್ತೊಬ್ಬರು ತೋರಿಸಿದರು. ಸರಾಸರಿ, ಮಧ್ಯಾಂಕ, ಬಹುಲಕ ಎಂದು ಮೂರೂ ಸೂತ್ರಗಳನ್ನು ಒಂದೇ ಉಸಿರಿನಲ್ಲಿ ಕಲಿಸುತ್ತೇನೆ. ಒಂದನ್ನು ಬಿಟ್ಟು ಇನ್ನೊಂದು ಯಾಕೆ ಬೇಕೆಂದು ಮಕ್ಕಳು ಕೇಳಿದಾಗ ನನ್ನಲ್ಲಿ ಇಷ್ಟು ದಿನ ಒಳ್ಳೆಯ ಉದಾಹರಣೆ ಇರಲಿಲ್ಲ. ವರ್ಷಕ್ಕೆ ಇಪ್ಪತ್ತೈದು ಇಂಚು ಮಳೆಯಾದರೆ ಹಬ್ಬ ಮಾಡುವ, 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಬಾಗಿನ ಹಿಡಿದು ಓಡಿದ ಊರಿನವಳಾದ ನಾನು ಆ ಪುಟದ ಛಾಯಾಚಿತ್ರವನ್ನು ಕೇಳಿ ತೆಗೆದುಕೊಂಡೆ.

ನಾಲ್ಕನೆಯ ದಿನ

ಕೊನೆಯ ದಿನ ಕ್ಷೇತ್ರ ಭೇಟಿಯ ಹೆಸರಿನಲ್ಲಿ ಭಾಗಮಂಡಲ ಮತ್ತು ತಲಕಾವೇರಿ. ಭಾಗಮಂಡಲದಲ್ಲಿ ಕಾವೇರಿ ಮತ್ತು ಕನ್ನಿಕೆ ಕೂಡುತ್ತವೆ; ಸುಜ್ಯೋತಿ ಗುಪ್ತಗಾಮಿನಿಯಾಗಿ ಸೇರುತ್ತಾಳೆಂದು ನಂಬಿಕೆ. ಅಲ್ಲಿಂದ ಬ್ರಹ್ಮಗಿರಿಯ ಏರುದಾರಿ. 2020ರ ಆಗಸ್ಟ್‌ನಲ್ಲಿ ಇದೇ ಬೆಟ್ಟ ಕುಸಿದು ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡ ಜಾಗದ ಬಳಿ ಬಸ್ಸು ನಿಧಾನವಾದಾಗ, ಹಿಂದಿನ ದಿನ ಕೋನಮಾಪಕ ಹಿಡಿದು ನಗುತ್ತಿದ್ದವರೆಲ್ಲ ಕಿಟಕಿಯಿಂದ ಇಳಿಜಾರನ್ನು ಸುಮ್ಮನೆ ನೋಡಿದರು.

ತಲಕಾವೇರಿಯ ಎತ್ತರ 1,276 ಮೀಟರ್. ಇಲ್ಲಿಯೂ ನೀರು ಕುದಿಸೋಣವೇ ಎಂದು ಪೊನ್ನಂಪೇಟೆಯವರು ತಮಾಷೆ ಮಾಡಿದರು. ಕ್ಷೇತ್ರದಲ್ಲಿ ಒಲೆ ಹೂಡುವುದು ಸಲ್ಲದು ಎಂಬುದು ಒಂದು ಕಡೆಯಿರಲಿ, ಮಡಿಕೇರಿಗಿಂತ ನೂರಿಪ್ಪತ್ತು ಮೀಟರ್ ಹೆಚ್ಚಿನ ಈ ಎತ್ತರಕ್ಕೆ ಕುದಿಬಿಂದು ಇಳಿಯುವುದು ಅರ್ಧ ಡಿಗ್ರಿಗೂ ಕಡಿಮೆ. ಒಂದು ಡಿಗ್ರಿಯ ಗೆರೆಗಳಿರುವ ನನ್ನ ತಾಪಮಾಪಕ ಅದನ್ನು ಹೇಳಲಾರದು. ಮೂರು ದಿನಗಳ ಹಿಂದೆ ನಾನು ಬಹುಶಃ ಕುದಿಸಿ, ಕಂಡದ್ದನ್ನು ಬರೆದುಕೊಳ್ಳುತ್ತಿದ್ದೆ.

ಬೆಟ್ಟದ ಮೇಲೆ ನಿಂತರೆ ಪಶ್ಚಿಮಕ್ಕೆ ಸಾಲುಸಾಲು ಕಣಿವೆಗಳು. ಆ ಕಡೆ ಬಿದ್ದ ಹನಿ ಹತ್ತಿರದ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ, ಈ ಕಡೆ ಬಿದ್ದದ್ದು ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಸಮಾರೋಪದ ಬದಲು ಅಧ್ಯಾಪಕರು ಅಲ್ಲಿಯೇ ಒಂದು ಲೆಕ್ಕ ಕೇಳಿದರು: ಕಾವೇರಿಯ ಸರಾಸರಿ ಇಳಿಜಾರು ಎಷ್ಟು? 1,276 ಮೀಟರನ್ನು 800 ಕಿಲೋಮೀಟರಿನಿಂದ ಭಾಗಿಸಿದರೆ ಕಿಲೋಮೀಟರಿಗೆ ಒಂದೂವರೆ ಮೀಟರ್ ಚಿಲ್ಲರೆ ಬರುತ್ತದೆ. ಆದರೆ ನಾವು ಆಗಷ್ಟೇ ಹತ್ತಿ ಬಂದ ಭಾಗಮಂಡಲದ ದಾರಿಯ ಇಳಿತವನ್ನು ನೋಡಿದವರು ಯಾರೂ ಆ ಸರಾಸರಿಯನ್ನು ನಂಬಿ ಸುಮ್ಮನಾಗಲಿಲ್ಲ. ಎಲ್ಲಿ ಎಷ್ಟು ಇಳಿಯುತ್ತದೆ, ನಕ್ಷೆ ಹೇಗೆ ಬರೆಯುವುದು ಎಂಬ ಮಾತು ಬಸ್ಸಿನಲ್ಲೂ ಮುಂದುವರಿಯಿತು. ಪ್ರಮಾಣಪತ್ರಗಳನ್ನು ಮಡಿಕೇರಿಯಲ್ಲಿ ಅವಸರದಲ್ಲಿ ಹಂಚಿದರು. ನನ್ನದರಲ್ಲಿ ವಿಷಯ "ಜೀವಶಾಸ್ತ್ರ" ಎಂದಿದೆ.

ಊರಿಗೆ ಮರಳಿದ ಮರುದಿನ 96 ಎಂಬ ಸಂಖ್ಯೆ ಕೇಳಿ ಒಂಬತ್ತನೆಯವರು ಬೆಂಚು ಗುದ್ದಿ ಸಂಭ್ರಮಿಸಿದರು. ಹತ್ತನೆಯ ತರಗತಿಯನ್ನು ನಾನು ಮೈದಾನದ ತೆಂಗಿನ ಮರದ ಬಳಿಗೆ ಕರೆದೊಯ್ದೆ. ಮರ ಅಳೆಯುವ ಮೊದಲು ನೆಲ ಸಮತಟ್ಟಾಗಿದೆಯೇ ನೋಡೋಣವೆಂದು, ಗಾರೆ ಮೇಸ್ತ್ರಿಯೊಬ್ಬರಿಂದ ನೀರು ತುಂಬಿದ ಪಾರದರ್ಶಕ ಪೈಪನ್ನು ಕೇಳಿ ತಂದಿದ್ದೆ. ಪೈಪಿನ ಎರಡು ತುದಿಗಳನ್ನು ಮೈದಾನದ ಎರಡು ಕೊನೆಗಳಲ್ಲಿ ಹಿಡಿದು ನೀರಿನ ಮಟ್ಟ ನಿಂತ ಮೇಲೆ ಅಳೆದರೆ, ಹದಿನಾರು ವರ್ಷಗಳಿಂದ ನಾನು ಬಟ್ಟಬಯಲೆಂದು ನಡೆದಾಡಿದ ಆ ನೆಲ ಉತ್ತರದ ಕಡೆಗೆ ಒಂದೂಮುಕ್ಕಾಲು ಅಡಿ ಇಳಿದಿತ್ತು. ನಾನು ಅಚ್ಚರಿಯಿಂದ ಮತ್ತೊಮ್ಮೆ ಅಳೆಯಲು ಹೇಳಿದಾಗ, ಪೈಪು ಹಿಡಿದಿದ್ದ ಹುಡುಗಿ ತಲೆ ಎತ್ತದೆಯೇ ಹೇಳಿದಳು: "ಅದಕ್ಕೇ ಅಲ್ಲವಾ ಮೇಡಂ, ಮಳೆ ಬಂದರೆ ನಮ್ಮ ಖೋಖೋ ಅಂಕಣದಲ್ಲೇ ನೀರು ನಿಲ್ಲುವುದು."